ಇಲಿ ಕೊಂದರೆ ಮುಗಿಯಲಿಲ್ಲ

ಮಾನ್ಯರೆ,

ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಕುರಿತ ಪ್ರವಾಸ ಲೇಖನದಲ್ಲಿ ‘ಹೆಲಿಕಾಪ್ಟರಿನಿಂದ ವಿಷ ಉದುರಿಸಿ ಇಲಿ ನಿರ್ನಾಮ ಮಾಡಲಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ಕೆಲಸ ಅಷ್ಟು ಸಲೀಸಾಗಿರಲಿಲ್ಲ.

ಸಿಡ್ನಿಯಿಂದ ಸುಮಾರು 780 ಕಿ.ಮೀ. ದೂರದ ಈ ದ್ವೀಪ 15 ಚದರ ಕಿ.ಮೀ. ಕೂಡ ಇಲ್ಲ. ಅಲ್ಲಿಯ ನಿವಾಸಿಗಳು ನಾನೂರು ಚಿಲ್ಲರೆ. 1918ರಲ್ಲಿ ‘ಮಕಾಂಬೊ’ ಹಡಗು ದಡಕ್ಕೆ ತಾಗಿ ನಿಂತಾಗ ಇಲಿಗಳು ಇಳಿದವು. ಅಲ್ಲಿ ಮಾತ್ರ ಇದ್ದ ಐದು ಬಗೆಯ ಹಕ್ಕಿಗಳು ಅಳಿದವು. ಊರಿನ ಮುಖ್ಯ ಆದಾಯವಾದ ಕೆಂಟಿಯಾ ತಾಳೆಯ ಬೀಜಕ್ಕೂ ಹಲ್ಲು ಬಿತ್ತು. ಇಲಿ ಹಿಡಿಯಲೆಂದು ಟಾಸ್ಮೇನಿಯಾದಿಂದ ಗೂಬೆ ತಂದರು. ಅದು ಸ್ಥಳೀಯ ಹಕ್ಕಿಗಳನ್ನೂ ಬಿಡಲಿಲ್ಲ!

2019ರ ಕಾರ್ಯಾಚರಣೆಗೆ ಚಳಿಗಾಲವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಆಗ ಕಾಡಿನಲ್ಲಿ ಆಹಾರ ಕಡಿಮೆ, ಮರಿ ಹಾಕುವುದೂ ಕಡಿಮೆ, ಹಸಿದ ಇಲಿ ವಿಷದ ತಿನಿಸಿಗೆ ಬಾಯಿ ಹಾಕುತ್ತದೆ. 875 ಮೀಟರ್ ಎತ್ತರದ ಗೋವರ್ ಬೆಟ್ಟದಂಥ ಕಡಿದಾದ ಕಡೆ ಹೆಲಿಕಾಪ್ಟರ್ ಬೇಕು, ನಿಜ. ಆದರೆ ಜನವಸತಿಯಲ್ಲಿ ಹಾಗೆ ಎರಚಲಾಗದು. ಅಲ್ಲಿ ಮನೆ, ಹಿತ್ತಲು, ತೋಟಗಳಲ್ಲೆಲ್ಲ ಸಾವಿರಾರು ವಿಷದ ಡಬ್ಬಿಗಳನ್ನಿಟ್ಟು, ಒಂದೊಂದನ್ನೂ ಮತ್ತೆ ಮತ್ತೆ ತೆರೆದು ನೋಡಿ ತುಂಬಬೇಕಾಯಿತು. ಬಳಸಿದ ಬ್ರೋಡಿಫಕಮ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ತಿಂದ ಕೆಲವು ದಿನಗಳ ನಂತರ ಸಾವು ಬರುವುದರಿಂದ ಉಳಿದ ಇಲಿಗಳಿಗೆ ತಿನಿಸಿನ ಮೇಲೆ ಅನುಮಾನ ಹುಟ್ಟುವುದಿಲ್ಲ. ಒಂದು ಸುತ್ತು ಸಾಲದು. ಮೊದಲ ಸಲ ಗೂಡಿನಲ್ಲೇ ಇದ್ದ ಮರಿಗಳು ಹೊರಬಂದಾಗ ಅವಕ್ಕೂ ವಿಷ ಸಿಗಬೇಕು. ಒಂದು ಬಸುರಿ ಇಲಿ ಉಳಿದರೂ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅದೇ ತಿನಿಸನ್ನೂ ಸತ್ತ ಇಲಿಯನ್ನೂ ತಿಂದು ಸಾಯಬಹುದಾಗಿದ್ದ ಹಾರಲಾರದ ವುಡ್‌ಹೆನ್ ಹಕ್ಕಿಗಳನ್ನು ಮೊದಲೇ ಹಿಡಿದು, ವಿಷ ಕರಗುವವರೆಗೆ ಆವರಣದಲ್ಲಿ ಸಾಕಲಾಯಿತು. ಈಗ ಅವುಗಳ ಸಂಖ್ಯೆ ಸಾವಿರ ದಾಟಿದೆ. ಇಲಿಗೆ ವಿಷ ಬೇಡವೆಂದು ಊರಿನ ಅರ್ಧದಷ್ಟು ಜನ ವಿರೋಧಿಸಿದ್ದರು ಎಂಬುದನ್ನೂ ಲೇಖನ ಹೇಳಬೇಕಿತ್ತು. ಮನೆಯಂಗಳದಲ್ಲಿ ಮಕ್ಕಳಿರುವಾಗ ಅಂಜಿಕೆ ಸಹಜವೇ.

ಇಷ್ಟಾದರೂ 2021ರಲ್ಲಿ ಎರಡು ಇಲಿ ಕಾಣಿಸಿಕೊಂಡು, ಮತ್ತೆ ವಿಷವಿಟ್ಟು ಹುಡುಕಾಡಬೇಕಾಯಿತು. ಹಡಗಿನ ಸರಕಿನ ತಪಾಸಣೆ, ವಾಸನೆ ಹಿಡಿಯುವ ನಾಯಿಗಳ ಕಾವಲು ಇಂದಿಗೂ ನಿಂತಿಲ್ಲ.

ಹೋಗುವ ಓದುಗರಿಗೆ ಇನ್ನೊಂದು ಮಾತು: ಒಮ್ಮೆಗೆ 400 ಪ್ರವಾಸಿಗರಿಗಷ್ಟೇ ಅಲ್ಲಿ ಅವಕಾಶ, ಟಿಕೆಟ್‌ಗಿಂತ ಮೊದಲು ವಸತಿ ಕಾದಿರಿಸಿ. ಗಿಡಗಳಿಗೆ ತಗಲುವ ಶಿಲೀಂಧ್ರ ಒಳಬಾರದಂತೆ ಬೂಟಿನ ಅಡಿಯ ಮಣ್ಣನ್ನು ಇಲ್ಲೇ ಉಜ್ಜಿ ತೊಳೆದು ಹೊರಡಿ.

– ಒಬ್ಬ ಓದುಗ, ಕುಮಟಾ