ಹೊಲಿಗೆ ಲೈನ್ ಸೂಪರ್‌ವೈಸರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ತಿಂಗಳು ಒತ್ತಡ ಜಾಸ್ತಿ ಇದೆ, ಗೊತ್ತು. ಆದರೂ ಟಾರ್ಗೆಟ್ ಕಮ್ಮಿ ಆಯಿತು ಅಂತ ಎಲ್ಲರೆದುರು ಯಾರ ಮೇಲೂ ಕೂಗಾಡಬೇಡಿ. ನಿನ್ನೆ ಕಾಲರ್ ಹೊಲಿಯುವ ಮಿಷನ್ ಹತ್ತಿರ ಹೊಲಿಯದ ಬಟ್ಟೆ ಬಂಡಲ್‌ಗಳ ಗುಡ್ಡೆ ಬಿದ್ದಿತ್ತು. ಅಲ್ಲಿ ಕೂತಿದ್ದ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ. ದಾರ ಪದೇ ಪದೇ ತುಂಡಾಗುತ್ತಿತ್ತಂತೆ. ಬೈತಾರೆ ಅಂತ ಹೆದರಿ ಸುಮ್ನೆ ಇದ್ದರು. ಸೂಜಿ ಬದಲಿಸಿದ ಮೇಲೆ ಕೆಲಸ ಓಡಿತು. ಹೆದರಿಕೆ ಇದ್ದರೆ ತೊಂದರೆ ನಮ್ಮ ಕಿವಿಗೇ ಬೀಳುವುದಿಲ್ಲ, ಅಲ್ವಾ?

ಓಟಿಗೆ (ಹೆಚ್ಚುವರಿ ಗಂಟೆಯ ಕೆಲಸಕ್ಕೆ) ದಿನಾ ಅದೇ ನಾಲ್ಕು ಜನರನ್ನು ನಿಲ್ಲಿಸಬೇಡಿ. ಮಧ್ಯಾಹ್ನವೇ ಕೇಳಿ, ಒಪ್ಪಿದವರಷ್ಟೇ ಇರಲಿ. ಅವರಿಗೆ ಬಸ್ಸು, ಮನೆಯಲ್ಲಿ ಮಕ್ಕಳು ಎಲ್ಲ ಇದೆ. ವಾರಕ್ಕೆ 48 ಗಂಟೆ ದಾಟಿದರೆ ಆ ಹೆಚ್ಚಿನ ಗಂಟೆಗಳಿಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ. ಗಂಟೆ ಸರಿಯಾಗಿ ಬರೆಯಿರಿ.

ನಾಳೆ ಲೈನ್ ಶುರುವಾಗುವ ಮುಂಚೆ ಐದು ನಿಮಿಷ ಸೇರೋಣ.