ಒಂದೇ ಮೇಜಿಗೆ ಕೂರಿಸಿದವರಿಗೆ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಮಗಳು ನ್ಯೂಜೆರ್ಸಿಯ ನಮ್ಮ ಯಹೂದಿ ಸಭೆಯ ಎದುರು ನಿಂತು ಪವಿತ್ರ ಗ್ರಂಥವಾದ ತೋರಾದ ಸುರುಳಿಯಿಂದ ಓದಿದಳು. ಹದಿಮೂರು ತುಂಬಿದ ಹೆಣ್ಣುಮಕ್ಕಳಿಗೆ ಇಲ್ಲಿ ನಡೆಸುವ ಬಾತ್ ಮಿತ್ಸ್ವಾ ಅದು. ಸಭೆಯವರಿಗೆ ಇಂಗ್ಲಿಷಿನಲ್ಲಿ ಬರೆದ ಧನ್ಯವಾದ ಪತ್ರ ಆಗಲೇ ತಲುಪಿದೆ. ಆದರೆ ಊರಿನಿಂದ ಹಾರೈಸಿದವರು, ಇಲ್ಲಿನ ಕನ್ನಡ ಕೂಟದಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೊನೆಯವರೆಗೂ ನೋಡಿದವರು, ಆಮೇಲೆ ಫೋನ್ ಮಾಡಿ ವಿವರ ಕೇಳಿದವರು ಬಹಳ ಮಂದಿ. ಈ ಬೇಸಿಗೆಯಲ್ಲಿ ನಮ್ಮ ಮನೆಮಂದಿಯನ್ನು ಕೈಹಿಡಿದು ನಡೆಸಿದವರ ಬಗ್ಗೆ ನನ್ನ ಭಾಷೆಯಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ಗಂಡ ಯಹೂದಿ, ನಾನು ಸಾಗರದ ಕಡೆಯವಳು. ನಾನು ಧರ್ಮ ಬದಲಿಸಿದವಳಲ್ಲ. ಬದಲಿಸು ಎಂದು ಸಭೆಯಲ್ಲಿ ಯಾರೂ ಒಮ್ಮೆಯೂ ಹೇಳಿದ್ದಿಲ್ಲ. ನಮ್ಮದು ರಿಫಾರ್ಮ್ ಪಂಥದ ಸಭೆ. ತಾಯಿ ಯಹೂದಿಯಾಗಿರಲಿ, ತಂದೆ ಯಹೂದಿಯಾಗಿರಲಿ, ಯಹೂದಿಯಾಗಿ ಬೆಳೆದ ಮಗುವನ್ನು ಯಹೂದಿ ಎಂದೇ ಒಪ್ಪಬೇಕು ಎಂದು ಈ ಪಂಥದ ಅಮೆರಿಕದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ ನಿರ್ಣಯಿಸಿದರು. ಆರ್ಥಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥಗಳಲ್ಲಿ ಇಂದಿಗೂ ತಾಯಿಯ ಕಡೆಯಿಂದಲೇ ಲೆಕ್ಕ. ಆ ನಿರ್ಣಯ ಆಗಿರದಿದ್ದರೆ ನನ್ನ ಮಗಳು ಆ ವೇದಿಕೆ ಏರುವ ದಾರಿ ಬೇರೆಯೇ ಆಗಿರುತ್ತಿತ್ತು. ಅದನ್ನು ಮಾಡಿದವರನ್ನು ನಾನು ನೋಡಿದವಳಲ್ಲ. ಅವರಿಗೂ ನನ್ನ ನಮಸ್ಕಾರ.

ಮಗಳಿಗೆ ಓದು ಕಲಿಸಬೇಕಿದ್ದವರು ನಮ್ಮ ಮಾವ. ಅವಳು ಹುಟ್ಟಿದ ದಿನದಿಂದ ಅವರು ಕಾದಿದ್ದ ಕೆಲಸ ಅದು. ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಶಿವಾ ಎಂದು ಕರೆಯುವ ಏಳು ದಿನಗಳ ಸೂತಕದಲ್ಲಿ ಸಭೆಯವರು ನಡೆದುಕೊಂಡ ರೀತಿಯನ್ನು ನಾನು ಮರೆಯಲಾರೆ. ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಬೇಯಿಸಿದ ಮೊಟ್ಟೆ ಮತ್ತು ಮಸೂರದ ಸಾರು ಕಾದಿತ್ತು. ದುಃಖದಲ್ಲಿರುವವರು ಉಣ್ಣುವ ಮೊದಲ ಊಟ ನೆರೆಯವರು ತಂದದ್ದಾಗಿರಬೇಕು, ಅದರಲ್ಲಿ ದುಂಡಗಿನ ಪದಾರ್ಥವಿರಬೇಕು ಎಂಬುದು ಅವರ ರೂಢಿ. ಮಡಚುವ ಕುರ್ಚಿಗಳು, ಒಂದು ಪೆಟ್ಟಿಗೆ ಪ್ರಾರ್ಥನಾ ಪುಸ್ತಕ ಎಲ್ಲವೂ ಅವರೇ ತಂದವು. ಬಂದವರು ತಾವಾಗಿ ಮಾತು ತೆಗೆಯುತ್ತಿರಲಿಲ್ಲ. ನನ್ನ ಗಂಡ ಬಾಯಿ ತೆರೆಯುವವರೆಗೂ ಸುಮ್ಮನೆ ಪಕ್ಕದಲ್ಲಿ ಕುಳಿತಿರುತ್ತಿದ್ದರು. ನಮ್ಮಲ್ಲಿಯೂ ಸಾವಿನ ಮನೆಗೆ ನೆರೆಯವರೇ ಊಟ ತರುತ್ತಾರೆ. ಆದರೆ ಮಾತನಾಡಿಸದೆ ಕುಳಿತಿರುವ ಆ ಸಂಯಮವನ್ನು ನಾನು ಕಂಡದ್ದು ಇಲ್ಲಿಯೇ.

ಮಗ ತಂದೆಗಾಗಿ ಹನ್ನೊಂದು ತಿಂಗಳು ಕದ್ದೀಷ್ ಹೇಳುತ್ತಾನೆ. ಅರಾಮಿಕ್ ಭಾಷೆಯ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ, ಎಲ್ಲವೂ ದೇವರ ಸ್ತುತಿ. ಅದನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಜನ ಕೂಡಬೇಕು. ನಮ್ಮ ಸಭೆಯಲ್ಲಿ ಹೆಂಗಸರೂ ಎಣಿಕೆಗೆ ಸೇರುತ್ತಾರೆ. ಹಾಗಿದ್ದರೂ ಜುಲೈ, ಆಗಸ್ಟ್‌ನಲ್ಲಿ ಊರಿಗೆ ಊರೇ ಸಮುದ್ರತೀರಕ್ಕೆ ಹೋಗಿರುವಾಗ ಬುಧವಾರ ಸಂಜೆ ಹತ್ತು ಜನ ಸೇರುವುದು ಸುಲಭವಲ್ಲ. ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಎಣಿಕೆ ಒಂಬತ್ತಕ್ಕೆ ನಿಂತಿದೆ ಎಂದು ಫೋನ್ ಹೋದರೆ ಸಾಕು, ಊಟದ ತಟ್ಟೆ ಮುಚ್ಚಿಟ್ಟು ಊರುಗೋಲು ಹಿಡಿದು ಬರುತ್ತಿದ್ದರು. ಸಂಕೋಚದಿಂದ ನನ್ನ ಗಂಡ ಏನಾದರೂ ಹೇಳಹೋದರೆ, "ನಿಮ್ಮ ತಂದೆ ನನಗಾಗಿ ಬಂದಿದ್ದರು" ಎನ್ನುತ್ತಿದ್ದರು. ಅಷ್ಟೇ ಮಾತು.

ಕದ್ದೀಷ್ ಮುಗಿದ ಮೇಲೆ ಅದೇ ಬುಧವಾರ ಸಂಜೆ ಕುಟುಂಬ ಕಲಿಕೆ. ನಾನು ಈ ಬರಹ ಬರೆಯಲು ಮುಖ್ಯ ಕಾರಣ ಅದು. ಮೇ ತಿಂಗಳಲ್ಲಿ ನಮ್ಮ ಅಮ್ಮ ಸಾಗರದಿಂದ ಬಂದಿದ್ದರು. ಮಗಳು ತನ್ನ ಪಾಠಕ್ಕೆ ಹೋಗುತ್ತಾಳೆ, ನಾವು ಹೊರಗೆ ಕಾಯಬೇಕು ಎಂದುಕೊಂಡಿದ್ದೆವು. ಸಂಗೀತವಿರಲಿ, ಗಣಿತವಿರಲಿ, ಕನ್ನಡ ತರಗತಿಯೇ ಇರಲಿ, ಈ ದೇಶದಲ್ಲಿ ನಾವೆಲ್ಲ ಮಾಡುವುದು ಅದನ್ನೇ: ಮಕ್ಕಳನ್ನು ಒಳಗೆ ಬಿಟ್ಟು ಕಾರಿನಲ್ಲಿ ಕುಳಿತುಕೊಳ್ಳುವುದು. ಆದರೆ ನಮ್ಮ ರಬ್ಬಿ (ಅವರೂ ಹೆಂಗಸು) ಬಾಗಿಲಿಗೆ ಬಂದು, ಹೊರಗೆ ಯಾರಿಗೂ ಕುರ್ಚಿ ಹಾಕಿಲ್ಲ, ಒಳಗೆ ಎಲ್ಲರಿಗೂ ಹಾಕಿದೆ ಎಂದರು. ಒಂದು ಮೇಜಿಗೆ ಒಂದು ಕುಟುಂಬ. ಎಲ್ಲರ ಮುಂದೆಯೂ ಒಂದೇ ಹಾಳೆ, ಅದರಲ್ಲಿ ಆ ವಾರದ ತೋರಾ ಭಾಗದ ಹತ್ತು ಹನ್ನೆರಡು ಸಾಲು. ಇಬ್ಬಿಬ್ಬರು ಜೊತೆಯಾಗಿ ಗಟ್ಟಿಯಾಗಿ ಓದಬೇಕು, ಪ್ರಶ್ನೆ ಹಾಕಿಕೊಳ್ಳಬೇಕು, ವಾದಿಸಬೇಕು. ಹೆವ್ರೂತಾ ಎಂಬ ಈ ಜೋಡಿ ಕಲಿಕೆ ಯಹೂದಿಗಳಲ್ಲಿ ಬಹಳ ಹಳೆಯದು. ರಬ್ಬಿ ನನ್ನ ಮಗಳಿಗೆ ಜೋಡಿ ಮಾಡಿದ್ದು ಅವಳ ಅಜ್ಜಿಯನ್ನು.

ಅಮ್ಮ ಪ್ರೌಢಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಅಮೆರಿಕದವರ ಮಾತಿನ ವೇಗ ಹಿಡಿಯುವುದು ಕಷ್ಟ. ಹಾಗಾಗಿ ಮಗಳು ಪ್ರತಿಯೊಂದು ಸಾಲನ್ನೂ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. "ಗುಡಾರ", "ಕುಲ", "ಪಿತ್ರಾರ್ಜಿತ" ಮೊದಲಾದ ಮಾತುಗಳು ಅವಳ ಬಾಯಿಗೆ ಬಂದದ್ದು ಆ ಮೇಜಿನಲ್ಲಿ. ಎಷ್ಟೋ ವರ್ಷ ನಾನು ಮನೆಯಲ್ಲಿ ಒತ್ತಾಯಿಸಿದರೂ ಆಗದಷ್ಟು ಕನ್ನಡವನ್ನು ಅವಳು ಈ ಒಂದು ಬೇಸಿಗೆಯಲ್ಲಿ ಕಲಿತಳು, ಅದೂ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಒಳಗೆ.

ಅವಳ ಪಾಲಿಗೆ ಬಂದದ್ದು ಪಿನ್ಹಾಸ್ ಎಂಬ ಭಾಗ. ತೋರಾದ ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡದ (ರಾಮಾಯಣದ್ದಲ್ಲ) 27ನೆಯ ಅಧ್ಯಾಯದಲ್ಲಿ ಐದು ಮಂದಿ ಅಕ್ಕತಂಗಿಯರ ಕಥೆ ಬರುತ್ತದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರ ತಂದೆ ಚಲ್ಪಹಾದ ಗಂಡುಮಕ್ಕಳಿಲ್ಲದೆ ಮರುಭೂಮಿಯಲ್ಲಿ ಸತ್ತಿದ್ದಾನೆ. ನೆಲ ಹಂಚುವ ಹೊತ್ತಿಗೆ ಈ ಐವರು ಗುಡಾರದ ಬಾಗಿಲಿಗೆ ಬಂದು, ಜನರ ನಾಯಕನಾದ ಮೋಶೆ, ಪುರೋಹಿತ, ಮುಖಂಡರು, ಇಡೀ ಸಮುದಾಯದ ಎದುರು ನಿಂತು ಕೇಳುತ್ತಾರೆ: ಮಗನಿಲ್ಲ ಎಂಬ ಕಾರಣಕ್ಕೆ ನಮ್ಮ ತಂದೆಯ ಹೆಸರು ಏಕೆ ಅಳಿಯಬೇಕು? ನಮಗೂ ಪಾಲು ಕೊಡಿ. ಮೋಶೆಗೆ ಉತ್ತರ ಹೊಳೆಯುವುದಿಲ್ಲ. ದೇವರನ್ನು ಕೇಳುತ್ತಾನೆ. ಅವರು ಹೇಳುವುದು ಸರಿ ಎಂದು ದೇವರ ತೀರ್ಪು ಬರುತ್ತದೆ.

ಅಮ್ಮ ಹಾಳೆಯನ್ನು ಎರಡು ಸಲ ಓದಿದರು. ಎ.ಸಿ. ಚಳಿಗೆ ಹತ್ತಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ತಂದು, ಪೆನ್ಸಿಲಿನಲ್ಲಿ ಒಂದೊಂದು ಹೆಸರಿನ ಕೆಳಗೂ ಗೆರೆ ಎಳೆದರು. ಆಮೇಲೆ ಕೇಳಿದರು: "ಇವರ ಅಮ್ಮ ಎಲ್ಲಿ?"

ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಕೋಣೆಯಲ್ಲಿ ಒಮ್ಮೆಗೇ ಮಾತು ನಿಂತಿತು. ನಿಜ, ಆ ತಾಯಿಯ ಹೆಸರು ಅಲ್ಲಿ ಇಲ್ಲ. ತೀರ್ಪಿನಲ್ಲಿಯೂ ಇಲ್ಲ: ಮಗನಿಲ್ಲದಿದ್ದರೆ ಮಗಳಿಗೆ, ಮಗಳೂ ಇಲ್ಲದಿದ್ದರೆ ಸಹೋದರರಿಗೆ, ಆಮೇಲೆ ತಂದೆಯ ಸಹೋದರರಿಗೆ, ಆಮೇಲೆ ಹತ್ತಿರದ ದಾಯಾದಿಗೆ. ಹೆಂಡತಿಯ ಪ್ರಸ್ತಾಪವೇ ಇಲ್ಲ. ರಬ್ಬಿ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರು, ಪಕ್ಕದಲ್ಲಿ ಅಮ್ಮನ ಹೆಸರನ್ನೂ ಬರೆದರು. ಸಿದ್ಧ ಉತ್ತರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮುಂದಿನ ಬುಧವಾರ ಇಡೀ ತರಗತಿ ಅದೇ ಪ್ರಶ್ನೆ ಹಿಡಿದು ಕುಳಿತಿತು. ಅತಿಥಿಯಾಗಿ ಬಂದ ಒಬ್ಬ ಅಜ್ಜಿಯ ಪ್ರಶ್ನೆಯನ್ನು ತಮ್ಮ ಪಾಠವನ್ನಾಗಿ ಮಾಡಿಕೊಂಡರಲ್ಲ, ಅದಕ್ಕೆ ನಾನು ಏನು ಕೊಟ್ಟರೂ ಸಾಲದು.

ಆ ಎರಡನೆಯ ಬುಧವಾರ ಅಮ್ಮ ತಮ್ಮದೇ ಕಥೆ ಹೇಳಿದರು. ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದು, ವಿಧವೆಗೆ, ತಾಯಿಗೆ ಆಸ್ತಿಯಲ್ಲಿ ಪಾಲು ದೊರೆಯುವ ದಾರಿ ತೆರೆದದ್ದು. ಕರ್ನಾಟಕ 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟದ್ದು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟದ್ದು. ಅಮ್ಮನಿಗೆ ಆಗಲೇ ಮದುವೆಯಾಗಿತ್ತು. ಮದುವೆಯಾಗದ ಚಿಕ್ಕಮ್ಮನಿಗೆ ಹಕ್ಕು ಬಂತು, ಅಮ್ಮನಿಗೆ ಬರಲಿಲ್ಲ. ಆ ಗೆರೆ ಅಳಿಸಿದ್ದು 2005ರ ಕೇಂದ್ರದ ತಿದ್ದುಪಡಿ. ಮಗಳು ಇದನ್ನೆಲ್ಲ ಉಸಿರು ಬಿಗಿಹಿಡಿದು ಇಂಗ್ಲಿಷಿಗೆ ತರುತ್ತಿದ್ದಳು. ಅವಳಿಗೂ ಅದು ಹೊಸತು. ಆಗ ನನ್ನ ಗಂಡ ಎದ್ದು 36ನೆಯ ಅಧ್ಯಾಯ ತೆಗೆದರು. ಅಲ್ಲಿ ಗಿಲ್ಯಾದಿನ ಮನೆತನದ ಹಿರಿಯರು ಮೋಶೆಯ ಬಳಿ ಬಂದು, ಈ ಹುಡುಗಿಯರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನೆಲ ಕೈತಪ್ಪುತ್ತದೆ ಎನ್ನುತ್ತಾರೆ. ತಂದೆಯ ಕುಲದೊಳಗೇ ಮದುವೆಯಾಗಬೇಕು ಎಂಬ ಷರತ್ತು ಬೀಳುತ್ತದೆ. ಹಕ್ಕು ಕೊಟ್ಟು ಅದಕ್ಕೆ ಮದುವೆಯ ಬೇಲಿ ಹಾಕುವುದು ಎರಡು ಕಡೆಯೂ ನಡೆದಿದೆ. ಆ ಮೇಜಿನ ಸುತ್ತ ಹನ್ನೆರಡು ವರ್ಷದವರಿಂದ ಎಂಬತ್ತು ವರ್ಷದವರವರೆಗೂ ಇದ್ದರು, ಒಬ್ಬರೂ ಗಡಿಯಾರ ನೋಡಲಿಲ್ಲ.

ಮಕ್ಕಳಿಗೆ ಕಲಿಸು, ಮನೆಯಲ್ಲಿ ಕುಳಿತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಇದರ ಮಾತಾಡು ಎಂಬ ಆಜ್ಞೆ ತೋರಾದಲ್ಲಿದೆ. ಅದನ್ನು ಓದುವುದೂ ಬೇಸಿಗೆಯಲ್ಲಿಯೇ, ಜೆರುಸಲೇಮಿನ ಎರಡು ದೇವಾಲಯಗಳು ನಾಶವಾದುದಕ್ಕೆ ನೆಲದ ಮೇಲೆ ಕುಳಿತು ಶೋಕಿಸುವ ತಿಶಾ ಬೆಆವ್ ಕಳೆದ ಮೇಲಿನ ಶನಿವಾರ. ನಮ್ಮ ಸಭೆಯವರು ಅದನ್ನು ಅಕ್ಷರಶಃ ನಡೆಸುತ್ತಾರೆ. ನಮ್ಮ ಕನ್ನಡ ಶಾಲೆಗಳಲ್ಲಿಯೂ ಹೀಗೆ ತಂದೆತಾಯಿ, ಅಜ್ಜಅಜ್ಜಿಯರನ್ನು ಮಕ್ಕಳ ಪಕ್ಕದಲ್ಲಿ ಕೂರಿಸಿ ಒಂದೇ ಹಾಳೆ ಕೊಡಬೇಕು. ಇದನ್ನು ಕೂಟದ ಸಭೆಯಲ್ಲಿ ಪ್ರಸ್ತಾಪಿಸಿಯೇ ತೀರುತ್ತೇನೆ.

ಶುಕ್ರವಾರ ಸಂಜೆಗಳ ಬಗ್ಗೆ ಸ್ವಲ್ಪ. ಬೇಸಿಗೆಯಲ್ಲಿ ಶಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ಪ್ರಾರ್ಥನೆ ಹೊರಗೆ ಹುಲ್ಲುಹಾಸಿನ ಮೇಲೆ. ಅದಕ್ಕೂ ಮೊದಲು ಮಕ್ಕಳು ಎಂಟು ಮೂಲೆಯ ಮರದ ಕಟಕಟೆಯೊಳಗೆ ಗಾಗಾ ಎಂಬ ಚೆಂಡಾಟ ಆಡುತ್ತಾರೆ, ಅಂಗೈಯಿಂದ ಹೊಡೆದ ಚೆಂಡು ಮೊಣಕಾಲಿನ ಕೆಳಗೆ ತಾಗಿದರೆ ಔಟ್. ತಾತ ಹೋದ ಮೇಲೆ ಮಾತು ಕಡಿಮೆ ಮಾಡಿದ್ದ ನಮ್ಮ ಚಿಕ್ಕವನನ್ನು ಹೈಸ್ಕೂಲು ಹುಡುಗರು ವಾರ ವಾರವೂ ಕರೆದೊಯ್ದು ಆಡಿಸಿದರು. ಅವನ ನಗು ಮರಳಿ ಬಂದದ್ದು ಆ ಕಟಕಟೆಯಲ್ಲಿ. ಆ ಹುಡುಗರ ತಾಯಂದಿರಿಗೆ ಹೇಳುತ್ತೇನೆ, ನಿಮ್ಮ ಮಕ್ಕಳು ಬಂಗಾರ.

ಅಡುಗೆಮನೆಯ ಹಿರಿಯಾಕೆ ಅಮ್ಮನಿಗೆ ಹಾಲಾ ರೊಟ್ಟಿಯ ಆರು ಎಳೆಯ ಹೆಣಿಗೆ ಕಲಿಸಿದರು. ಹೂ ಕಟ್ಟಿ ಪಳಗಿದ ಕೈ, ಎರಡನೆಯ ಸಲಕ್ಕೇ ಹಿಡಿದುಬಿಟ್ಟಿತು. ಹಿಟ್ಟಿನಿಂದ ಒಂದು ಚೂರು ಮೊದಲೇ ತೆಗೆದಿಡಬೇಕು ಎಂಬ ವಿಧಿಯೂ ಅರಣ್ಯಕಾಂಡದ್ದೇ. ಜೂನ್‌ನಲ್ಲಿ ಅದನ್ನು ಓದಿದ ವಾರವೇ ಮಕ್ಕಳ ಕೈಯಲ್ಲಿ ಮಾಡಿಸಿದರು. ಪ್ರತಿಯಾಗಿ ಅಮ್ಮ ಅವರಿಗೆ ಚಿತ್ರಾನ್ನ ಕಲಿಸಿದರು. ಅಲರ್ಜಿಯ ಮಕ್ಕಳಿರುವುದರಿಂದ ಆ ಅಡುಗೆಮನೆಗೆ ಶೇಂಗಾ ತರುವಂತಿಲ್ಲ. ಕಡಲೆಬೇಳೆ ಜಾಸ್ತಿ ಹಾಕಿ ಒಗ್ಗರಣೆ ಕೊಟ್ಟರು. ಪಾತ್ರೆ ತಳ ಕಂಡಿತು.

ಬಾಗಿಲ ಬಳಿ ಬಂದೂಕು ಹಿಡಿದು ನಿಲ್ಲುವ ಪೊಲೀಸರಿಗೂ ಧನ್ಯವಾದ. ದೇವರ ಮನೆಗೆ ಪೊಲೀಸರೇಕೆ ಎಂದು ಅಮ್ಮ ಮೊದಲ ದಿನವೇ ಕೇಳಿದರು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಶಬ್ಬಾತ್ ಪ್ರಾರ್ಥನೆಗೆ ಬಂದಿದ್ದ ಹನ್ನೊಂದು ಜನರನ್ನು ಒಬ್ಬ ಗುಂಡಿಟ್ಟು ಕೊಂದದ್ದನ್ನು ಹೇಳಬೇಕಾಯಿತು. ಅಂದಿನಿಂದ ಅಮ್ಮ ಒಳಗೆ ಹೋಗುವ ಮೊದಲು ಅವರಿಗೆ ಒಂದು ಲೋಟ ನಿಂಬೆಹಣ್ಣಿನ ಪಾನಕ ಕೊಡದೆ ಹೋದದ್ದಿಲ್ಲ.

ಇನ್ನು ಕ್ಯಾಂಟರ್, ಸಭೆಯಲ್ಲಿ ಪ್ರಾರ್ಥನೆಯನ್ನು ಹಾಡಿ ನಡೆಸುವವರು. ತೋರಾ ಸುರುಳಿ ಚರ್ಮದ ಮೇಲೆ ಕೈಯಿಂದ ಬರೆದದ್ದು, 3,04,805 ಅಕ್ಷರ. ಅದರಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಎಲ್ಲವನ್ನೂ ಬಾಯಿಪಾಠ ಮಾಡಿ, ಬೆಳ್ಳಿಯ ಪುಟ್ಟ ಕೈಯಂಥ ಕಡ್ಡಿಯಿಂದ ಸಾಲು ತೋರಿಸುತ್ತಾ ಓದಬೇಕು. ಮಾವ ಮಾಡಬೇಕಿದ್ದ ಈ ಕೆಲಸವನ್ನು ಕ್ಯಾಂಟರ್ ತಮ್ಮ ರಜೆಯಲ್ಲಿಯೂ ಬಿಡಲಿಲ್ಲ, ಧ್ವನಿಮುದ್ರಿಸಿ ಮೊಬೈಲಿಗೆ ಕಳಿಸಿದರು, ಅವಳು ಕಳಿಸಿದ್ದನ್ನು ಕೇಳಿ ತಿದ್ದಿದರು. ಒಂದೇ ಒಂದು ವಿಷಯ ಅವರು ಮೊದಲೇ ವಿಚಾರಿಸಿದರು: ತಾತ ಯಾವ ಧಾಟಿಯಲ್ಲಿ ಓದುತ್ತಿದ್ದರು? ಅತ್ತೆ ಹಾಡಿ ತೋರಿಸಿದರು. ಅದೇ ಧಾಟಿಯಲ್ಲಿ ಕಲಿಸಿದರು.

ಆ ದಿನ ಸುರುಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಕೈಗೆ ಕೈ ದಾಟಿಸುವಾಗ ಮಾವನ ಜಾಗದಲ್ಲಿ ಅತ್ತೆ ನಿಂತರು. ಅತ್ತೆಯಿಂದ ನನ್ನ ಗಂಡನಿಗೆ, ಅವರಿಂದ ಮಗಳಿಗೆ. ಅಮ್ಮನನ್ನೂ ನನ್ನನ್ನೂ ರಬ್ಬಿ ಕೆಳಗೆ ಬಿಡಲಿಲ್ಲ, ಮೇಲೆ ಕರೆದು ಅತ್ತೆಯ ಪಕ್ಕದಲ್ಲಿಯೇ ನಿಲ್ಲಿಸಿದರು. ಮಗಳು ತನ್ನ ಮಾತಿನಲ್ಲಿ ಐವರು ಅಕ್ಕತಂಗಿಯರ ಹೆಸರು ಹೇಳಿ, ಅವರ ತಾಯಿಯ ಹೆಸರು ನಮಗೆ ಸಿಕ್ಕಿಲ್ಲ, ಕೇಳಿದ್ದು ನನ್ನ ಅಜ್ಜಿ ಎಂದಳು. ಆ ಒಂದು ವಾಕ್ಯವನ್ನು ಕನ್ನಡದಲ್ಲಿಯೂ ಹೇಳಿದಳು. ಅಮೆರಿಕದಲ್ಲಿ ಮೊದಲ ಬಾರಿಗೆ ಹುಡುಗಿಯೊಬ್ಬಳು ಹೀಗೆ ಸಭೆಯ ಮುಂದೆ ಓದಿದ್ದು 1922ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನಲ್ಲಿ, ಜೂಡಿತ್ ಕಪ್ಲಾನ್. ಅವಳ ತಂದೆಯೇ ರಬ್ಬಿ ಆಗಿದ್ದರು. ನನ್ನ ಮಗಳಿಗೆ ಒಂದಿಡೀ ಸಭೆ ಬೆನ್ನಿಗೆ ನಿಂತಿತ್ತು.

ಶರತ್ಕಾಲದಲ್ಲಿ ಸುಕ್ಕೋತ್ ಹಬ್ಬ ಬರುತ್ತದೆ. ಸಿನಗಾಗಿನ ಹಿಂದೆ ಚಪ್ಪರ ಹಾಕಬೇಕು, ಸೊಪ್ಪಿನ ಮಾಡಿನ ಸಂದಿಯಿಂದ ನಕ್ಷತ್ರ ಕಾಣುವಂತಿರಬೇಕು. ಅಡಿಕೆ ಸೋಗೆಯ ಚಪ್ಪರದ ಕೆಳಗೆ ಬೆಳೆದ ಅಮ್ಮ ಊರಿಗೆ ಹೊರಡುವ ಮೊದಲು ಅದರ ಉಸ್ತುವಾರಿ ವಹಿಸಿಕೊಂಡಿದ್ದಾರೆ. ಕನ್ನಡ ಗೆಳೆಯರು ಬರಬಹುದೇ ಎಂದು ನಾನು ರಬ್ಬಿಯನ್ನು ಕೇಳಿದೆ, ಕರೆದುಕೊಂಡೇ ಬನ್ನಿ ಎಂದರು. ಬರುವವರು ನನಗೆ ಮೊದಲೇ ತಿಳಿಸಿ, ಬಾಗಿಲಲ್ಲಿ ಹೆಸರಿನ ಪಟ್ಟಿ ಕೊಡಬೇಕು. ಹಗ್ಗ, ಏಣಿ ಅಲ್ಲಿವೆ. ಅಡುಗೆ ತರುವುದಾದರೆ ಸಸ್ಯಾಹಾರವಿರಲಿ, ಶೇಂಗಾ ಬೇಡ.