ಆ ತೋಪಿನ ಕೈಚಕ್ರ ಪೂರ್ತಿ ತಿರುಗಬೇಕು: ಕೊವೆಂಟ್ರಿಯ ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಿಮ್ಮ ಕ್ಷೇತ್ರದಲ್ಲಿ ಓಟು ಹಾಕುವವನು ನಾನು. ಕಾಮನ್‌ವೆಲ್ತ್ ದೇಶದವರಿಗೆ ಇಲ್ಲಿ, ಬ್ರಿಟನ್ನಿನಲ್ಲಿ, ಆ ಹಕ್ಕಿದೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಈ ಊರಿನಲ್ಲಿರುವ ನಮ್ಮವರೂ ಓದಲಿ, ಒಂದು ಹಳೇ ತೋಪನ್ನು ಮತ್ತೆ ತಿರುಗುವಂತೆ ಮಾಡಲು ಕೈಜೋಡಿಸಲಿ ಅಂತ.

ಊರಾಚೆಯ ಒಂದು ಶೆಡ್ಡಿನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಹೊಡೆಯುವ ತೋಪೊಂದಿದೆ. ನಳಿಕೆಯ ಬಾಯಿ 3.7 ಇಂಚು. ತೂಕ ಒಂಬತ್ತು ಟನ್‌ಗಿಂತ ಜಾಸ್ತಿ. ನಾವು ಏಳೆಂಟು ಜನ ಪ್ರತಿ ಶನಿವಾರ ಹೋಗಿ ಅದರ ತುಕ್ಕು ಕೆರೆಯುತ್ತೇವೆ. ಬಣ್ಣ ಬಳಿದು ನಿಲ್ಲಿಸುವುದು ಸುಲಭ. ಆದರೆ ನಳಿಕೆ ಏರಿಸುವ ಹಲ್ಲುಚಕ್ರಗಳು ಬಿಗಿದುಕೊಂಡಿವೆ. ಗುಂಡು ಹಾರಿದಾಗ ನಳಿಕೆ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತ ತಡೆಯುವ ಸಿಲಿಂಡರಿನ ಸೀಲ್‌ಗಳು ಪುಡಿಪುಡಿಯಾಗಿವೆ. ಇವು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಒಂದೊಂದನ್ನೂ ಅಳತೆ ಕೊಟ್ಟು ಮಾಡಿಸಬೇಕು. ದುಡ್ಡು ಬೇಕಾಗಿರುವುದು ಅದಕ್ಕೇ.

ಕಳೆದ ತಿಂಗಳು ನಾನು ಒಂದು ಡಯಲ್‌ನ ಗಾಜು ಒರೆಸಿದೆ. ಒಳಗೆ ಎರಡು ಮುಳ್ಳು. ಒಂದು, ಸ್ವಲ್ಪ ದೂರದಲ್ಲಿಟ್ಟ, ವಿಮಾನ ಮುಂದೆ ಎಲ್ಲಿರುತ್ತದೆ ಅಂತ ಲೆಕ್ಕ ಹಾಕುವ ಪ್ರಿಡಿಕ್ಟರ್ ಎಂಬ ಯಂತ್ರ ಹೇಳಿದಂತೆ ತಿರುಗುವುದು. ಇನ್ನೊಂದು ತೋಪಿನದು. ಸೀಟಿನಲ್ಲಿ ಕೂತವನು ಕೈಚಕ್ರ ತಿರುಗಿಸಿ ಮುಳ್ಳಿನ ಮೇಲೆ ಮುಳ್ಳು ಕೂರಿಸಬೇಕು, ಅಷ್ಟೇ. ತಲೆ ಮೇಲೆ ವಿಮಾನ ಮೊರೆಯುತ್ತಿದ್ದರೂ ಡಯಲ್‌ನಿಂದ ಕಣ್ಣು ತೆಗೆಯುವ ಹಾಗಿಲ್ಲ. 1941ರಿಂದ ಪ್ರಿಡಿಕ್ಟರ್ ಕೆಲಸಕ್ಕೆ ಹೆಣ್ಣುಮಕ್ಕಳೂ ಬಂದರು. ಗುರಿಯ ಲೆಕ್ಕ ಅವರದು, ಆದರೆ ತೋಪು ಹಾರಿಸಲು ಮಾತ್ರ ಅವರಿಗೆ ಬಿಡಲಿಲ್ಲ. ಇದನ್ನು ಕೇಳಿ ನನ್ನ ಮಗಳಿಗೆ ಸಿಟ್ಟು ಬಂತು. ಬರಬೇಕಾದ್ದೇ.

1940ರ ನವೆಂಬರ್ 14ರ ರಾತ್ರಿಯ ಬಗ್ಗೆ ನಿಮಗೆ ಹೇಳಬೇಕಿಲ್ಲ, ನಮ್ಮವರಿಗೆ ಹೇಳಬೇಕು. ಅವತ್ತು ಸುಮಾರು 500 ಜರ್ಮನ್ ಬಾಂಬರ್‌ಗಳು ಈ ಊರಿನ ಮೇಲೆ ಬಂದವು. ದಾಳಿ ಹತ್ತು ಗಂಟೆಗೂ ಮೀರಿ ನಡೆಯಿತು. ಸುಮಾರು 568 ಜನ ಸತ್ತರು. ಕೆಥೆಡ್ರಲ್ ಸುಟ್ಟು ಹೊರಗೋಡೆಗಳು, ಗೋಪುರ ಅಷ್ಟೇ ಉಳಿದವು. ಊರಿನ ಕಾವಲಿಗೆ ಇದೇ ಜಾತಿಯ 24 ತೋಪುಗಳಿದ್ದವು. ಬಾಂಬಿಗೆ ಸಂಪರ್ಕದ ತಂತಿಗಳು ಕಡಿದುಹೋದವು. ಸದ್ದು ಕೇಳಿ ವಿಮಾನ ಪತ್ತೆಹಚ್ಚುವ ಉಪಕರಣಗಳಿಗೆ ಆ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆದರೂ ಹೊಗೆಯ ನಡುವೆ ಸರ್ಚ್‌ಲೈಟ್‌ಗಳು ಕೂಡುವ ಜಾಗ ನೋಡಿ, ದೂರ ಅಂದಾಜು ಮಾಡಿ ತೋಪಿನವರು ಹೊಡೆಯುತ್ತಲೇ ಇದ್ದರು. ಒಂದೊಂದು ಗುಂಡೇ ಸುಮಾರು 13 ಕಿಲೋ, ಅದಕ್ಕೆ ಅಂಟಿದ ಮದ್ದಿನ ಕೊಳವೆಯ ತೂಕ ಬೇರೆ. ಅಂಥ ಗುಂಡು ತುಂಬುತ್ತಾ ಬೆಳಗಿನವರೆಗೂ ನಿಂತರು. ಆ ರಾತ್ರಿ ಹಾರಿದ್ದು 6,700ಕ್ಕೂ ಹೆಚ್ಚು ಗುಂಡು. ಬಿದ್ದದ್ದು ಒಂದೇ ವಿಮಾನ.

"ಸೋತ ತೋಪಿಗೆ ಯಾಕಪ್ಪಾ ದುಡ್ಡು?" ಅಂತ ಗೆಳೆಯರೊಬ್ಬರು ಕೇಳಿದರು. ಸೋತಿತು ಅಂತಲೇ ನನಗೆ ಇದು ಬೇಕು. ಗೆದ್ದ ಸ್ಪಿಟ್‌ಫೈರ್ ಯುದ್ಧವಿಮಾನ ನೋಡಲು ಜನ ತಾವಾಗಿ ಬರುತ್ತಾರೆ. ಏನೂ ಕಾಣದೆ, ಕೇಳದೆ, ಇಡೀ ರಾತ್ರಿ ಜಾಗ ಬಿಡದೆ ದುಡಿದವರನ್ನು ಯಾರು ನೆನೆಯುತ್ತಾರೆ? ಶಾಲೆಯ ಮಗು ಆ ಸೀಟಿನಲ್ಲಿ ಕೂತು ಮುಳ್ಳಿನ ಮೇಲೆ ಮುಳ್ಳು ಕೂರಿಸಲು ಒದ್ದಾಡಿದರೆ ಆ ಕಷ್ಟ ಅದಕ್ಕೆ ತಾನಾಗಿ ತಿಳಿಯುತ್ತದೆ. ಸುಮ್ನೆ ಫಲಕ ಓದಿದರೆ ತಿಳಿಯಲ್ಲ.

ಪರಂಪರೆ ಉಳಿಸುವ ಕೆಲಸಗಳಿಗೆ ಲಾಟರಿ ಹಣ ಕೊಡುವ ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್‌ಗೆ ಅರ್ಜಿ ಹಾಕಬೇಕೆಂದಿದ್ದೇವೆ. ಅದರ ಜೊತೆ ನಿಮ್ಮ ಬೆಂಬಲದ ಪತ್ರ ಇರಲಿ. ನಮ್ಮ ಗುಂಪನ್ನು ಚಾರಿಟಿಯಾಗಿ ನೋಂದಾಯಿಸಲು ಕೂಡ ದಾರಿ ತೋರಿಸಿ. ಆಗ ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ನೂರು ಪೌಂಡಿಗೆ ಸರ್ಕಾರದ ಗಿಫ್ಟ್ ಏಡ್ ಯೋಜನೆಯಲ್ಲಿ ಇನ್ನೂ ಇಪ್ಪತ್ತೈದು ಸಿಗುತ್ತದೆ. ಕನ್ನಡಿಗರ ಮನೆಗಳಿಗೆ ಡಬ್ಬಿ ಹಿಡಿದು ಹೋಗುವ ಕೆಲಸ ನನ್ನದು.

ಒಂದು ಶನಿವಾರ ಬೆಳಗ್ಗೆ ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಗ್ರೀಸ್ ಅಂಟುತ್ತದೆ. ಹೋದ ವಾರ ಎಡಗಡೆಯ ಕೈಚಕ್ರ ಮೊದಲ ಸಲ ಕದಲಿತು, ಬರೀ ಕಾಲು ಸುತ್ತು. ನೀವೇ ಹಿಡಿದು ತಿರುಗಿಸಿ ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ